ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಗುರುತಿಸುವುದು, ಸರಿಯಾದ ಬಿಡಿಭಾಗ ಹುಡುಕುವುದು

‘52 ಸಿಸಿ ಮಷಿನ್‌ಗೆ ಒಂದು ಕಾರ್ಬೊರೇಟರ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿದರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಆ ಭಾಗದಲ್ಲಿ ಕೈಗೆ ಸಿಕ್ಕ ಒಂದನ್ನು ತೆಗೆದು ಕೊಡುತ್ತಾರೆ. ಅದು ಕೂತರೆ ಪುಣ್ಯ. ಕೂರದಿದ್ದರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಹಿಂದಕ್ಕೆ ಹೋಗಿ ಬದಲಾಯಿಸಬೇಕು. ಪೆಟ್ರೋಲ್ ತಾಗಿದ ಭಾಗವನ್ನು ವಾಪಸ್ ತೆಗೆದುಕೊಳ್ಳುವವರೂ ಕಡಿಮೆ. ತಪ್ಪು ಅಂಗಡಿಯವರದ್ದಲ್ಲ. ಯಂತ್ರದ ಹೊರಮೈ ಮೇಲಿನ ಹೆಸರು, ಬಣ್ಣ, ಸಿಸಿ ಸ್ಟಿಕ್ಕರ್, ಈ ಮೂರರಲ್ಲಿ ಯಾವುದೂ ಎಂಜಿನ್ ಯಾವುದೆಂದು ಹೇಳುವುದಿಲ್ಲ. ಒಂದೇ ಎಂಜಿನ್ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ. ಒಂದೇ ಹೆಸರಿನ ಯಂತ್ರದಲ್ಲಿ ಈ ವರ್ಷ ಒಂದು ಎಂಜಿನ್, ಮುಂದಿನ ವರ್ಷ ಇನ್ನೊಂದು ಬರುವುದೂ ಉಂಟು. ಆದ್ದರಿಂದ ನಂಬಬೇಕಾದದ್ದು ಎಂಜಿನ್ನಿನ ಲೋಹದ ಮೇಲೆ ಕೊರೆದ ಸಂಖ್ಯೆಯನ್ನು. ಅದು ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್ (ಮಿಲಿಮೀಟರಿನ ಭಾಗವನ್ನೂ ಅಳೆಯುವ ಉಪಕರಣ) ತೋರಿಸುವ ಅಳತೆಯನ್ನು.

ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಕಳೆ ಹೊಡೆಯುವ ಬ್ರಷ್ ಕಟರ್ ಇರಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ಶಾಲೆಯ ಮೈದಾನದಲ್ಲೋ ತಳ್ಳಿಕೊಂಡು ಹೋಗುವ ಲಾನ್‌ಮೋವರ್ ಇರಲಿ, ಹುಡುಕುವ ದಾರಿ ಒಂದೇ.

ಮುಟ್ಟುವ ಮುಂಚೆ

ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿ ದೂರ ಸರಿಸಿ. ಲಾನ್‌ಮೋವರಿನ ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಒಂದು ಸಲ ಹೊಡೆದುಕೊಳ್ಳಬಹುದು, ಬೆರಳು ಹೋಗಲು ಅಷ್ಟು ಸಾಕು. ಅಡಿಭಾಗ ನೋಡಲು ಮಗುಚುವಾಗ ಪ್ಲಗ್ ಮತ್ತು ಏರ್ ಫಿಲ್ಟರ್ ಇರುವ ಕಡೆ ಮೇಲಕ್ಕೆ ಬರಬೇಕು. ಉಲ್ಟಾ ಮಗುಚಿದರೆ ಎಂಜಿನ್ ಆಯಿಲ್ ಫಿಲ್ಟರಿಗೂ ಕಾರ್ಬೊರೇಟರಿಗೂ ಇಳಿಯುತ್ತದೆ. ಆಮೇಲೆ ಬಿಳಿ ಹೊಗೆ ಕಂಡು ‘ರಿಂಗ್ ಹೋಗಿದೆ’ ಎಂದು ಹೆದರಿ ಬಿಚ್ಚುವವರಿದ್ದಾರೆ. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿಕೊಂಡರೆ ಕೆಲಸ ಸಲೀಸು.

ಮೊದಲ ಪ್ರಶ್ನೆ: ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ

ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಮುಚ್ಚಳ ಇದ್ದರೆ ಫೋರ್ ಸ್ಟ್ರೋಕ್. ಪೆಟ್ರೋಲಿಗೇ ಆಯಿಲ್ ಬೆರೆಸುವುದಾದರೆ ಟೂ ಸ್ಟ್ರೋಕ್. ಹಳೆಯ ಯಂತ್ರ ಕೊಂಡವರು ಇದನ್ನು ಕೇಳಿ ತಿಳಿದುಕೊಳ್ಳುವ ಬದಲು ನೋಡಿಯೇ ಖಚಿತಮಾಡಿಕೊಳ್ಳಬೇಕು. ಟೂ ಸ್ಟ್ರೋಕಿಗೆ ಬರೀ ಪೆಟ್ರೋಲ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮಿಶ್ರಣದ ಲೆಕ್ಕ ಟ್ಯಾಂಕಿನ ಮೇಲೆ ಬರೆದಿರುತ್ತದೆ: 25:1 ಎಂದಿದ್ದರೆ ಲೀಟರಿಗೆ 40 ಮಿಲಿ, 50:1 ಎಂದಿದ್ದರೆ 20 ಮಿಲಿ.

ಎರಡನೆಯದು ಶಾಫ್ಟಿನ ದಿಕ್ಕು. ತಳ್ಳುವ ಲಾನ್‌ಮೋವರಿನಲ್ಲಿ ಬ್ಲೇಡ್ ನೇರ ಎಂಜಿನ್ನಿನ ಶಾಫ್ಟಿಗೇ ಕೂತಿರುತ್ತದೆ, ಅಂದರೆ ಶಾಫ್ಟ್ ನೆಟ್ಟಗೆ ಕೆಳಕ್ಕೆ. ಪವರ್ ಟಿಲ್ಲರ್, ಪಂಪ್‌ಸೆಟ್, ಉರುಳೆ ಬ್ಲೇಡಿನ ಮೋವರ್ ಇವುಗಳಲ್ಲಿ ಶಾಫ್ಟ್ ಅಡ್ಡಕ್ಕೆ. ಹೊರಗಿನಿಂದ ಒಂದೇ ತರ ಕಂಡರೂ ಇವೆರಡರ ಕ್ರ್ಯಾಂಕ್‌ಕೇಸ್ (ಶಾಫ್ಟ್ ಕೂರುವ ಎಂಜಿನ್ನಿನ ಲೋಹದ ಪೆಟ್ಟಿಗೆ), ಕಾರ್ಬೊರೇಟರ್, ಆಯಿಲ್ ಪದ್ಧತಿ ಬೇರೆ ಬೇರೆ.

ನಂಬರ್ ಎಲ್ಲಿದೆ, ಹೇಗೆ ಓದುವುದು

ನೀವು ಹುಡುಕುತ್ತಿರುವುದು ಎಂಜಿನ್ನಿನ ನಂಬರ್. ಯಂತ್ರದ ಹಿಡಿಕೆ, ಡೆಕ್ ಅಥವಾ ಪೈಪಿನ ಮೇಲಿನ ಪಟ್ಟಿಯಲ್ಲಿರುವುದು ಯಂತ್ರದ ನಂಬರ್. ಬ್ಲೇಡ್, ಚಕ್ರ, ಕೇಬಲ್, ಗೇರ್ ಹೆಡ್ (ಪೈಪಿನ ತುದಿಯಲ್ಲಿ ಬ್ಲೇಡ್ ತಿರುಗಿಸುವ ಭಾಗ) ತರುವಾಗ ಆ ನಂಬರ್ ಬೇಕಾಗುತ್ತದೆ. ಪಿಸ್ಟನ್, ಕಾಯಿಲ್ (ಪ್ಲಗ್ಗಿಗೆ ಕಿಡಿ ಕೊಡುವ ಭಾಗ), ಕಾರ್ಬೊರೇಟರಿಗೆ ಅದರಿಂದ ಪ್ರಯೋಜನವಿಲ್ಲ.

ಹುಡುಕಬೇಕಾದ ಜಾಗಗಳು: ಸ್ಟಾರ್ಟರ್ ಇರುವ ತಗಡಿನ ಕವರಿನ ಅಂಚು, ಪ್ಲಗ್ಗಿನ ಮೇಲ್ಗಡೆ, ಸೈಲೆನ್ಸರಿನ ಹತ್ತಿರ, ವಾಲ್ವ್ ಕವರಿನ ಮೇಲೆ, ಮತ್ತು ಕ್ರ್ಯಾಂಕ್‌ಕೇಸಿನ ಬುಡದ ಕಡೆ ಸಪಾಟಾಗಿ ಮಾಡಿದ ಬೆರಳಗಲದ ಜಾಗ. ಎಣ್ಣೆ ಮತ್ತು ಹುಲ್ಲಿನ ರಸ ಸೇರಿ ಗಟ್ಟಿಯಾದ ಪದರ ಅಲ್ಲಿ ಕೂತಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ವೈರ್ ಬ್ರಷ್, ಉಪ್ಪುಕಾಗದ ಬೇಡ. ಅಲ್ಯೂಮಿನಿಯಂ ಮೆದು, ನಂಬರೇ ಅಳಿದುಹೋಗುತ್ತದೆ. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿ ಮೇಲಿನ ಪುಡಿ ಒರೆಸಿದರೆ ಅಕ್ಷರದ ಗುಳಿಗಳಲ್ಲಿ ಬಿಳಿ ಉಳಿಯುತ್ತದೆ. ಫೋನಿನ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ, ಬಹುತೇಕ ಮೇಲ್ಮೈಗೆ ಸಮನಾಗಿ ಹಿಡಿದು ಫೋಟೊ ತೆಗೆಯಿರಿ. 8 ಮತ್ತು ಬಿ, 0 ಮತ್ತು ಓ, 5 ಮತ್ತು ಎಸ್, 2 ಮತ್ತು ಝಡ್, ಈ ಜೋಡಿಗಳಲ್ಲಿ ಎಡವುವುದು ಹೆಚ್ಚು. ಬರೆದುಕೊಂಡದ್ದಕ್ಕಿಂತ ಫೋಟೊ ಮೇಲು.

ನಂಬರ್ ಸವೆದೇ ಹೋಗಿದ್ದರೆ ಕೊಂಡಾಗಿನ ಬಿಲ್, ವಾರಂಟಿ ಕಾರ್ಡ್ ತೆಗೆದು ನೋಡಿ. ಕೃಷಿ ಇಲಾಖೆಯ ಸಹಾಯಧನದಲ್ಲಿ ಕೊಂಡ ಯಂತ್ರವಾದರೆ ಅರ್ಜಿಯ ಜೊತೆಗಿನ ಕಾಗದಗಳಲ್ಲಿ ಎಂಜಿನ್ ನಂಬರ್ ಸಾಮಾನ್ಯವಾಗಿ ನಮೂದಾಗಿರುತ್ತದೆ.

ಹೋಂಡಾ

ತೋಟಗಳಲ್ಲಿ ಅತಿ ಹೆಚ್ಚು ಕಾಣುವ ಫೋರ್ ಸ್ಟ್ರೋಕ್ ಜಿಎಕ್ಸ್35. ಯುಎಂಕೆ435 ಎನ್ನುವುದು ಬ್ರಷ್ ಕಟರಿನ ಹೆಸರು; ಅದರ ಮೇಲೆ ಕೂತಿರುವ ಎಂಜಿನ್ ಜಿಎಕ್ಸ್35. ಹಾಗೆಯೇ ಯುಎಂಕೆ425ರಲ್ಲಿ ಜಿಎಕ್ಸ್25. ಕೊನೆಯ ಸಂಖ್ಯೆ ಸುಮಾರಾಗಿ ಸಿಸಿ: ಜಿಎಕ್ಸ್25 ಅಂದರೆ 25 ಸಿಸಿ, ಜಿಎಕ್ಸ್35 ಅಂದರೆ 35.8 ಸಿಸಿ, ಜಿಎಕ್ಸ್160 ಅಂದರೆ 163 ಸಿಸಿ. ನಡುವೆ ‘ವಿ’ ಸೇರಿ ಜಿಎಕ್ಸ್‌ವಿ160, ಜಿಸಿವಿ160 ಎಂದಾದರೆ ನೆಟ್ಟಗಿನ ಶಾಫ್ಟ್, ಅಂದರೆ ಲಾನ್‌ಮೋವರಿನದು. ಜಿಎಕ್ಸ್160, ಜಿಎಕ್ಸ್‌ವಿ160, ಜಿಸಿವಿ160 ಮೂರಕ್ಕೂ ‘160 ಹೋಂಡಾ’ ಎಂದೇ ಬಳಕೆ ಮಾತು. ಆದರೆ ಒಂದರ ಕಾರ್ಬೊರೇಟರ್ ಇನ್ನೊಂದಕ್ಕೆ ಕೂರುವುದಿಲ್ಲ.

ಹೋಂಡಾದ ಬಿಡಿಭಾಗದ ಸಂಖ್ಯೆಗೆ ಮೂರು ತುಂಡು: ಮೊದಲು ಐದಂಕಿ, ನಡುವೆ ಮೂರು ಅಕ್ಷರ, ಕೊನೆಗೆ ಮೂರು. ಇದರ ಗುಟ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಮೊದಲ ಐದಂಕಿ ಭಾಗ ಯಾವುದೆಂದು ಹೇಳುತ್ತದೆ: 16100 ಎಂದರೆ ಕಾರ್ಬೊರೇಟರ್, 13101 ಪಿಸ್ಟನ್, 30500 ಇಗ್ನಿಷನ್ ಕಾಯಿಲ್, 28400 ಸ್ಟಾರ್ಟರ್ ಜೋಡಣೆ, 17211 ಏರ್ ಫಿಲ್ಟರಿನ ಸ್ಪಂಜು. ನಡುವಿನ ಮೂರು ಅಕ್ಷರ ಯಾವ ಎಂಜಿನ್ನಿಗಾಗಿ ಮಾಡಿದ್ದು ಎನ್ನುವುದು: ಜಿಎಕ್ಸ್35ಕ್ಕೆ ಝಡ್0ಝಡ್, ಜಿಎಕ್ಸ್25ಕ್ಕೆ ಝಡ್0ಎಚ್, ಹಳೆಯ ಜಿಎಕ್ಸ್160ಕ್ಕೆ ಝಡ್‌ಎಚ್8. ಕೊನೆಯ ಮೂರು ಆವೃತ್ತಿ. ಹಾಗಾಗಿ ಅಂಗಡಿಯವರು ಕೊಟ್ಟ ಪೊಟ್ಟಣದ ಮೇಲೆ 16100-ಝಡ್0ಎಚ್ ಎಂದಿದ್ದರೆ ಅದು 25ರ ಕಾರ್ಬೊರೇಟರ್ ಎಂದು ಕೌಂಟರಿನಲ್ಲೇ ಗೊತ್ತಾಗುತ್ತದೆ. ಕೊನೆಯ ಮೂರಂಕಿ ಮಾತ್ರ ಬೇರೆಯಾಗಿದ್ದರೆ ಗಾಬರಿ ಬೇಡ. ಹಳೆಯ ಸಂಖ್ಯೆ ನಿಂತು ಹೊಸದು ಬಂದಿರಬಹುದು. ಡೀಲರ್ ತಮ್ಮ ಕಂಪ್ಯೂಟರಿನಲ್ಲಿ ಹಳೆಯದಕ್ಕೆ ಬದಲಿ ಯಾವುದೆಂದು ನೋಡಿ ಹೇಳಬಲ್ಲರು, ಕೇಳಿ ಖಚಿತ ಮಾಡಿಕೊಳ್ಳಿ. ನಡುವಿನ ಅಕ್ಷರ ಬೇರೆಯಾಗಿದ್ದರೂ ಕೆಲವು ಭಾಗಗಳು ಎರಡು ಎಂಜಿನ್ನಿಗೆ ಸಾಮಾನ್ಯವಾಗಿರುತ್ತವೆ. ಅದನ್ನು ಕ್ಯಾಟಲಾಗ್ ಹೇಳಬೇಕೇ ಹೊರತು ಊಹೆಯಲ್ಲ.

ಭಾಗಗಳನ್ನು ಬಿಡಿಬಿಡಿಯಾಗಿ ತೋರಿಸುವ ಕ್ಯಾಟಲಾಗಿನ ಚಿತ್ರ ನೋಡಿ ಆರ್ಡರ್ ಮಾಡುವವರು ಮಾಡುವ ಒಂದು ತಪ್ಪು: ಚಿತ್ರದಲ್ಲಿ ಭಾಗದ ಪಕ್ಕ ಬರೆದ 7, 12 ಎನ್ನುವುದು ಚಿತ್ರದ ಕ್ರಮಸಂಖ್ಯೆ. ಅದನ್ನು ಹಿಡಿದು ಕೆಳಗಿನ ಪಟ್ಟಿಗೆ ಹೋಗಿ, ನಿಮ್ಮ ಎಂಜಿನ್ನಿನ ಸೀರಿಯಲ್ ನಂಬರ್ ಯಾವ ವ್ಯಾಪ್ತಿಗೆ ಬರುತ್ತದೆಂದು ನೋಡಿ, ಆ ಸಾಲಿನ ಪೂರ್ತಿ ಸಂಖ್ಯೆ ತೆಗೆದುಕೊಳ್ಳಬೇಕು.

ಜಿಎಕ್ಸ್160ರಲ್ಲಿ ಎಂಜಿನ್ ಹೆಸರಿನ ಜೊತೆ ಟೈಪ್ ಎಂದು ಒಂದು ಕೋಡ್ ಇರುತ್ತದೆ. ಕ್ಯೂ ಇಂದ ಶುರುವಾದರೆ ಶಾಫ್ಟ್ ಮುಕ್ಕಾಲು ಇಂಚು, ಅಂದರೆ 19.05 ಮಿಮೀ, ಎಸ್ ಆದರೆ 20 ಮಿಮೀ. ಒಂದು ಮಿಲಿಮೀಟರೂ ಇಲ್ಲದ ಈ ವ್ಯತ್ಯಾಸ ಕಣ್ಣಿಗೆ ಕಾಣದು. 20ರ ಪುಲ್ಲಿಯನ್ನು 19.05ರ ಶಾಫ್ಟಿಗೆ ಹಾಕಿ ಬೋಲ್ಟ್ ಬಿಗಿದರೆ ಓರೆಯಾಗಿ ಕೂತು ನಡುಗುತ್ತದೆ, ಕೊನೆಗೆ ಚಾವಿ (ಪುಲ್ಲಿ ಜಾರದಂತೆ ಶಾಫ್ಟಿಗೆ ಸಿಕ್ಕಿಸುವ ಲೋಹದ ತುಂಡು) ಕೂರುವ ತೋಡು ಅಗಲವಾಗಿ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕೇ ಹಾಳು.

ಈ ಮೂರು ಎಂಜಿನ್ನುಗಳಿಗೆ ಮತ್ತೆ ಮತ್ತೆ ಬೇಕಾಗುವ ವಿವರ: ಜಿಎಕ್ಸ್35ಕ್ಕೆ ಆಯಿಲ್ 100 ಮಿಲಿ, ಪ್ಲಗ್ ಎನ್‌ಜಿಕೆ ಸಿಎಂ5ಎಚ್ ಅಥವಾ ಸಿಎಂಆರ್5ಎಚ್, ಗ್ಯಾಪ್ 0.6ರಿಂದ 0.7 ಮಿಮೀ. ಜಿಎಕ್ಸ್25ಕ್ಕೂ ಅದೇ ಪ್ಲಗ್, ಆಯಿಲ್ 80 ಮಿಲಿ. ಜಿಎಕ್ಸ್160ಕ್ಕೆ ಆಯಿಲ್ ಸುಮಾರು 600 ಮಿಲಿ, ಪ್ಲಗ್ ಬಿಪಿಆರ್6ಇಎಸ್, ಗ್ಯಾಪ್ 0.7ರಿಂದ 0.8.

ಬ್ರಿಗ್ಸ್ ಅಂಡ್ ಸ್ಟ್ರಾಟನ್

1908ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾದ ಈ ಕಂಪನಿಯ ಎಂಜಿನ್ ಇಲ್ಲಿನ ಕೆಲವು ಲಾನ್‌ಮೋವರುಗಳಲ್ಲೂ ಸಿಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರ ಗ್ಯಾರೇಜಿನಲ್ಲಂತೂ ಇದೇ ಹೆಚ್ಚು. ಮೇಲೆ ದೊಡ್ಡದಾಗಿ 500, 550, 675 ಎಂದು ಬರೆದಿರುವುದು ಮಾದರಿಯ ಸಂಖ್ಯೆಯಲ್ಲ. 675 ಎಂದರೆ ಟಾರ್ಕ್ 6.75 ಅಡಿ-ಪೌಂಡ್ ಎಂದಷ್ಟೇ. ಅದನ್ನು ಹಿಡಿದು ಭಾಗ ತರಿಸಿದರೆ ಕೈಸುಟ್ಟುಕೊಳ್ಳುವುದು ಖಂಡಿತ.

ಬೇಕಾದದ್ದು ತಗಡಿನ ಮೇಲೆ ಒತ್ತಿದ ಮೂರು ಗುಂಪು ಅಂಕಿಗಳು: ಮಾದರಿ, ಟೈಪ್, ಕೋಡ್. ಮಾದರಿ 92902 ಎಂದಿಟ್ಟುಕೊಳ್ಳಿ. ಮೊದಲ 9 ಎಂದರೆ ಒಂಬತ್ತು ಘನ ಇಂಚು, 16.39ರಿಂದ ಗುಣಿಸಿದರೆ ಸುಮಾರು 148 ಸಿಸಿ. ಆರಂಕಿಯ ಮಾದರಿಯಾದರೆ ಮೊದಲ ಎರಡು ಅಂಕಿ ಘನ ಇಂಚು, ಅಂದರೆ 12ರಿಂದ ಶುರುವಾದರೆ 190 ಸಿಸಿಯ ಆಸುಪಾಸು. ಮುಂದಿನ 2 ವಿನ್ಯಾಸದ ಸರಣಿ. ಹೊಸ ಎಂಜಿನ್ನುಗಳಲ್ಲಿ ಈ ಜಾಗದಲ್ಲಿ ಅಕ್ಷರವೂ ಬರುತ್ತದೆ. ಅದರ ಮುಂದಿನ ಅಂಕಿ ಶಾಫ್ಟ್ ಮತ್ತು ಕಾರ್ಬೊರೇಟರಿನದು: 0ಯಿಂದ 4ರವರೆಗೆ ಅಡ್ಡ ಶಾಫ್ಟ್, 5ರಿಂದ 9ರವರೆಗೆ ನೆಟ್ಟಗಿನದು. ಇಲ್ಲಿರುವ 9 ಟ್ಯಾಂಕಿನ ಮೇಲೇ ಕೂರುವ ಪಲ್ಸಾಜೆಟ್ ಕಾರ್ಬೊರೇಟರ್; 7 ಇದ್ದಿದ್ದರೆ ಫ್ಲೋಟ್ ಇರುವ ಫ್ಲೋಜೆಟ್. ನಾಲ್ಕನೆಯದು ಬೇರಿಂಗಿನ ಬಗೆ. ಕೊನೆಯ 2 ಎಂದರೆ ಹಗ್ಗ ಎಳೆದು ತಾನೇ ಸುತ್ತಿಕೊಳ್ಳುವ ಸ್ಟಾರ್ಟರ್.

ಟೈಪ್ ಸಂಖ್ಯೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಮಾದರಿ ಒಂದೇ ಆದರೂ ಯಾವ ಯಂತ್ರ ತಯಾರಕರಿಗೆ ಯಾವ ಉದ್ದದ ಶಾಫ್ಟ್, ಯಾವ ಬಗೆಯ ಕಾರ್ಬೊರೇಟರ್, ಯಾವ ಬ್ರೇಕ್ ಕೊಟ್ಟದ್ದು ಎನ್ನುವುದು ಟೈಪಿನಲ್ಲಿ ಅಡಗಿದೆ. ಕೋಡ್ ತಯಾರಿಯ ದಿನ: 05061211 ಎಂದಿದ್ದರೆ 2005ರ ಜೂನ್ 12, ಕೊನೆಯ ಎರಡಂಕಿ ಕಾರ್ಖಾನೆಯದು. ನಡುವೆ ಭಾಗ ಬದಲಾಗಿದ್ದರೆ ‘ಈ ಕೋಡಿಗಿಂತ ಮೊದಲು ಇದು, ಆಮೇಲೆ ಅದು’ ಎಂದು ಕ್ಯಾಟಲಾಗ್ ಹೇಳುವುದು ಇದೇ ಸಂಖ್ಯೆಯಿಂದ.

ಟೆಕಮ್ಸೆ ಎಂಜಿನ್ ಸಿಕ್ಕಿದರೆ ಒಂದು ಮಾತು. ಆ ಕಂಪನಿ 2008ರ ಕೊನೆಗೆ ಎಂಜಿನ್ ತಯಾರಿ ನಿಲ್ಲಿಸಿತು. ಫಿಲ್ಟರ್, ಡಯಾಫ್ರಮ್ (ಕಾರ್ಬೊರೇಟರಿನೊಳಗಿನ ತೆಳು ಪೊರೆ), ಪ್ಲಗ್‌ನಂಥ ಸವೆಯುವ ಭಾಗ ಬೇರೆಯವರು ಮಾಡಿದ್ದು ಸಿಗುತ್ತದೆ. ಕ್ರ್ಯಾಂಕ್, ಸಿಲಿಂಡರ್ ಬೇಕೆಂದರೆ ಹಳೆ ಎಂಜಿನ್ ಹುಡುಕುವುದೇ ಲೇಸು. ಕ್ರಾಫ್ಟ್ಸ್‌ಮನ್ ಮೋವರಿನ ಎಂಜಿನ್ ನಂಬರ್ 143 ಎಂದು ಶುರುವಾದರೆ ಅದು ಟೆಕಮ್ಸೆ ಮಾಡಿಕೊಟ್ಟದ್ದು.

ಹೆಸರಿಲ್ಲದ ಚೀನಾ ಎಂಜಿನ್

ಹಳ್ಳಿಗಳಲ್ಲಿ ಅತಿ ಹೆಚ್ಚು ಪರದಾಡಿಸುವುದು ಇದೇ. ಆದರೆ ಗುರುತಿಸಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ, ಏಕೆಂದರೆ ಇವುಗಳ ಹೆಸರಿನಲ್ಲೇ ಅಳತೆ ಇದೆ. 1ಇ44ಎಫ್-5 ಎಂದು ಸಿಲಿಂಡರಿನ ಮೇಲೋ ಕ್ರ್ಯಾಂಕ್‌ಕೇಸಿನ ಮೇಲೋ ಅಚ್ಚಾಗಿದ್ದರೆ: 1 ಎಂದರೆ ಒಂದು ಸಿಲಿಂಡರ್, ‘ಇ’ ಎಂದರೆ ಟೂ ಸ್ಟ್ರೋಕ್, 44 ಎಂದರೆ ಬೋರ್ (ಸಿಲಿಂಡರಿನ ಒಳವ್ಯಾಸ) 44 ಮಿಮೀ, ‘ಎಫ್’ ಎಂದರೆ ಗಾಳಿಯಿಂದ ತಂಪಾಗುವುದು. 1ಇ40ಎಫ್-5ರ ಬೋರ್ 40. ಮೆಕ್ಯಾನಿಕ್‌ಗಳು ಇವನ್ನು ‘ನಲವತ್ತು-ಐದು’, ‘ನಲವತ್ನಾಲ್ಕು-ಐದು’ ಎಂದು ಕರೆದರೆ ಅರ್ಥ ಇದೇ. ‘ಇ’ ಇಲ್ಲದೆ 139ಎಫ್, 168ಎಫ್ ಎಂದಿದ್ದರೆ ಫೋರ್ ಸ್ಟ್ರೋಕ್: ಒಂದು ಸಿಲಿಂಡರ್, ಬೋರ್ 39 ಅಥವಾ 68. ‘ಪಿ’ ಸೇರಿ 1ಪಿ65ಎಫ್ ಎಂದಾದರೆ ನೆಟ್ಟಗಿನ ಶಾಫ್ಟಿನ ಮೋವರ್ ಎಂಜಿನ್.

168ಎಫ್ ಮೂಲತಃ ಜಿಎಕ್ಸ್160ರ ಅಳತೆಯದು, ಬೋರ್ 68, ಸ್ಟ್ರೋಕ್ (ಪಿಸ್ಟನ್ ತುದಿಯಿಂದ ಬುಡಕ್ಕೆ ಓಡುವ ದೂರ) 45. ಗ್ಯಾಸ್ಕೆಟ್, ಕಾರ್ಬೊರೇಟರ್, ಸ್ಟಾರ್ಟರ್ ಎಷ್ಟೋ ಸಲ ಅದಲುಬದಲಾಗುತ್ತವೆ. ಆದರೆ 168ಎಫ್-2ರಲ್ಲಿ ಸ್ಟ್ರೋಕ್ 54, 196 ಸಿಸಿ. ಇದಕ್ಕೆ 160ರ ಪಿಸ್ಟನ್, ರಾಡ್ ಹಾಕುವಂತಿಲ್ಲ. 139ಎಫ್‌ನಲ್ಲೂ ಇಂಥದೇ ಬಲೆ ಇದೆ. ಅದರ ಬೋರ್ 39, ಜಿಎಕ್ಸ್35ರದ್ದೂ 39. ಹಾಗೆಂದು ಪಿಸ್ಟನ್ ತಂದರೆ ಕೆಲಸವಾಗದು: 139ಎಫ್‌ನ ಸ್ಟ್ರೋಕ್ 26, ಜಿಎಕ್ಸ್35ರದ್ದು 30. ಒಳಗಿನ ಕಟ್ಟಡವೂ ಬೇರೆ. ಜಿಎಕ್ಸ್35ರಲ್ಲಿ ವಾಲ್ವುಗಳನ್ನು ಆಡಿಸುವುದು ಆಯಿಲಿನಲ್ಲೇ ಓಡುವ ಟೈಮಿಂಗ್ ಬೆಲ್ಟ್.

ಅಚ್ಚು ಇಲ್ಲದಿದ್ದರೆ ಅಳೆಯಿರಿ. ಸೈಲೆನ್ಸರ್ ಬಿಚ್ಚಿ, ಸಾಧ್ಯವಾದರೆ ಸಿಲಿಂಡರ್ ಎತ್ತಿ ಬೋರ್ ಅಳೆದುಕೊಳ್ಳಿ. ಸ್ಟ್ರೋಕಿಗೆ ಪ್ಲಗ್ ತೂತಿನಲ್ಲಿ ಪ್ಲಾಸ್ಟಿಕ್ ಕಡ್ಡಿ ಇಳಿಸಿ, ಪಿಸ್ಟನ್ ತುದಿಗೆ ಬಂದಾಗೊಂದು, ಬುಡಕ್ಕೆ ಹೋದಾಗೊಂದು ಗುರುತು ಹಾಕಿ ನಡುವಿನ ಅಂತರ ನೋಡಿ. ಪ್ಲಗ್ ತೂತು ಓರೆಯಾಗಿದ್ದರೆ ಈ ಲೆಕ್ಕ ತುಸು ತಪ್ಪುತ್ತದೆ, ಆದರೆ 26ಕ್ಕೂ 30ಕ್ಕೂ ವ್ಯತ್ಯಾಸ ತಿಳಿಯಲು ಸಾಕು. ಸೂತ್ರ: ಬೋರ್ × ಬೋರ್ × ಸ್ಟ್ರೋಕ್ × 0.7854, ಬಂದದ್ದನ್ನು 1000ದಿಂದ ಭಾಗಿಸಿದರೆ ಸಿಸಿ. 44 ಬೋರ್, 34 ಸ್ಟ್ರೋಕಿಗೆ 51.7, ಇದೇ ಮಾರುಕಟ್ಟೆಯ ‘52 ಸಿಸಿ’. 40 ಬೋರಿಗೆ 42.7, ಅದು ‘43 ಸಿಸಿ’. ಸ್ಟಿಕ್ಕರಿನಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆ ಬರೆದು ಇದೇ ಎಂಜಿನ್ ಮಾರುವುದೂ ಇದೆ. ಕ್ಯಾಲಿಪರಿಗೆ ಸ್ಟಿಕ್ಕರ್ ಓದಲು ಬರುವುದಿಲ್ಲ, ಅದೇ ಅದರ ಗುಣ.

ಜರ್ಮನಿಯ ಸ್ಟೀಲ್ (STIHL) ಕಂಪನಿಯ ಯಂತ್ರವಾದರೆ ಇಷ್ಟು ಕಷ್ಟವಿಲ್ಲ. ಯಂತ್ರದ ಮಾದರಿ ಮತ್ತು ಎಂಜಿನ್ ಒಂದೇ ಕುಟುಂಬ. ಎಫ್‌ಎಸ್ 120 ಮತ್ತು ಎಫ್‌ಎಸ್ 250 ಎರಡರ ಭಾಗಗಳೂ 4134 ಎಂದು ಶುರುವಾಗುತ್ತವೆ. ಆದರೆ ಮೊದಲ ನಾಲ್ಕಂಕಿ ಹೊಂದಿತೆಂದು ಪಿಸ್ಟನ್ ತರಬೇಡಿ: 120ರ ಬೋರ್ 35, 250ರದ್ದು 40.

ಯಾವ ಭಾಗ ಬೇಕು ಎನ್ನುವುದು ಗೊತ್ತೆ?

ಕಾರ್ಬೊರೇಟರ್ ತಂದು ಹಾಕಿದ ಮೇಲೂ ಸ್ಟಾರ್ಟ್ ಆಗದೆ, ಕಾಯಿಲ್ ತಂದು, ಕೊನೆಗೆ ಫ್ಲೈವೀಲಿನ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಚಾವಿ ತುಂಡಾಗಿದ್ದು ಗೊತ್ತಾಗುವುದು ಸಾಮಾನ್ಯ ಕಥೆ. ಆದ್ದರಿಂದ ತರುವ ಮುಂಚೆ ಈ ನಾಲ್ಕು ನೋಡಿ.

ಪ್ಲಗ್ ಬಿಚ್ಚಿ ಕ್ಯಾಪಿಗೆ ಹಾಕಿ, ಅದರ ಲೋಹದ ಮೈಯನ್ನು ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ನಿಗೆ ಮುಟ್ಟಿಸಿ ಹಗ್ಗ ಎಳೆಯಿರಿ. ನೀಲಿ ಕಿಡಿ ಬಂದರೆ ಕಾಯಿಲ್ ಸರಿ. ಬರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಆಫ್ ಸ್ವಿಚ್ಚಿನ ವೈರನ್ನು ಕಾಯಿಲಿನಿಂದ ಬಿಡಿಸಿ ನೋಡಿ. ಹಿಡಿಕೆಯ ಹತ್ತಿರ ಆ ವೈರ್ ಸವೆದು ಪೈಪಿಗೆ ತಾಗಿದ್ದರೂ ಕಿಡಿ ನಿಲ್ಲುತ್ತದೆ. ಅದಕ್ಕೆ ಕಾಯಿಲ್ ಕೊಳ್ಳಬೇಕಿಲ್ಲ.

ಕಿಡಿ ಇದೆ, ಆದರೆ ಹಗ್ಗ ಎಳೆದಾಗ ಹಿಂದಕ್ಕೆ ಜಗ್ಗುತ್ತದೆ ಅಥವಾ ಸೈಲೆನ್ಸರಿನಲ್ಲಿ ‘ಡಬ್’ ಎನ್ನುತ್ತದೆ. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದ ಮೇಲೆ ಇದು ಶುರುವಾಗಿದ್ದರೆ ಫ್ಲೈವೀಲಿನ ಚಾವಿಯೇ ಅಪರಾಧಿ. ಲಾನ್‌ಮೋವರಿನಲ್ಲಿ ಇದು ತೀರಾ ಸಾಮಾನ್ಯ. ಬ್ರಿಗ್ಸ್ ಎಂಜಿನ್ನಿನಲ್ಲಿ ಈ ಚಾವಿ ಮೆದು ಅಲ್ಯೂಮಿನಿಯಂ. ಪೆಟ್ಟನ್ನು ತಾನು ತಿಂದು ಕ್ರ್ಯಾಂಕ್ ಉಳಿಸಲೆಂದೇ ಹಾಗೆ ಮಾಡಿದ್ದಾರೆ. ಅಂಗಡಿಯಲ್ಲಿ ಸಿಗಲಿಲ್ಲವೆಂದು ಕಬ್ಬಿಣದ ತುಂಡು ಉಜ್ಜಿ ಹಾಕಬಾರದು. ಮುಂದಿನ ಕಲ್ಲಿಗೆ ಬಾಗುವುದು ಕ್ರ್ಯಾಂಕ್.

ಪ್ಲಗ್ ತೂತಿಗೆ ಅರ್ಧ ಚಮಚ ಪೆಟ್ರೋಲ್ (ಟೂ ಸ್ಟ್ರೋಕಿಗೆ ಮಿಶ್ರಣ) ಹಾಕಿ, ಪ್ಲಗ್ ಬಿಗಿದು ಎಳೆದಾಗ ಎರಡು ಕ್ಷಣ ಓಡಿ ನಿಂತರೆ ತೊಂದರೆ ಇಂಧನದ ದಾರಿಯಲ್ಲಿ: ಟ್ಯಾಂಕಿನೊಳಗಿನ ಫಿಲ್ಟರ್, ಪೈಪ್, ಪ್ರೈಮರ್ ಬಲ್ಬ್ (ಬೆರಳಿನಿಂದ ಒತ್ತಿ ಪೆಟ್ರೋಲ್ ಏರಿಸುವ ಗುಬ್ಬಿ), ಕಾರ್ಬೊರೇಟರ್. ಈ ಕ್ರಮದಲ್ಲೇ ನೋಡಿ.

ಕೊನೆಗೆ ಒತ್ತಡ. ಬ್ರಷ್ ಕಟರಿನ ಟೂ ಸ್ಟ್ರೋಕ್ ಎಂಜಿನ್ನನ್ನು ಸ್ಟಾರ್ಟರ್ ಹಿಡಿಕೆಯಲ್ಲಿ ನೇತಾಡಿಸಿ. ತಡೆತಡೆದು ನಿಧಾನ ಇಳಿದರೆ ಪಿಸ್ಟನ್, ರಿಂಗ್ ಪರವಾಗಿಲ್ಲ. ಸರ್ರನೆ ಜಾರಿದರೆ ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಿಂದ ಪಿಸ್ಟನ್ ಮೈ ನೋಡಿ. ಉದ್ದುದ್ದ ಗೀರು ಬಿದ್ದಿದ್ದರೆ ಸಿಲಿಂಡರ್ ಮತ್ತು ಪಿಸ್ಟನ್ ಸೆಟ್ಟೇ ಬೇಕು. ಇಂಥ ಸಣ್ಣ ಟೂ ಸ್ಟ್ರೋಕುಗಳ ಅಲ್ಯೂಮಿನಿಯಂ ಸಿಲಿಂಡರಿನ ಒಳಗೆ ಗಟ್ಟಿ ಲೇಪನ ಇರುವುದರಿಂದ ಲೇತಿನಲ್ಲಿ ಬೋರ್ ಮಾಡಿಸಲಾಗದು. ಜಿಎಕ್ಸ್160ರಂಥ ಕಬ್ಬಿಣದ ಲೈನರ್ ಇರುವ ಎಂಜಿನ್ನಿಗೆ ಮಾತ್ರ 0.25, 0.50 ಮಿಮೀ ದೊಡ್ಡ ಪಿಸ್ಟನ್ ಹಾಕಿಸುವ ದಾರಿ ಇದೆ. ಮುಂಚೆ ಯಾರಾದರೂ ಮಾಡಿಸಿದ್ದರೆ ಪಿಸ್ಟನ್ ತಲೆಯ ಮೇಲೆ ಆ ಸಂಖ್ಯೆ ಒತ್ತಿರುತ್ತದೆ, ನೋಡಿ ಅದಕ್ಕೆ ತಕ್ಕ ರಿಂಗ್ ತನ್ನಿ.

ಕೊಳ್ಳುವಾಗ ಅಳೆಯಬೇಕಾದದ್ದು

ಹಳೆಯ ಭಾಗವನ್ನು ಬಿಚ್ಚಿ ಒರೆಸಿ ಜೊತೆಗೊಯ್ಯುವುದೇ ಎಲ್ಲಕ್ಕಿಂತ ಭದ್ರ. ಆನ್‌ಲೈನ್‌ನಲ್ಲಿ ತರಿಸುವವರು ಈ ಅಳತೆಗಳನ್ನು ಮಾರುವವರ ಫೋಟೊ, ವಿವರದ ಜೊತೆ ತಾಳೆ ನೋಡಬೇಕು.

ಪ್ಲಗ್: ಮರೆ (ಥ್ರೆಡ್) 14 ಮಿಮೀ ಎಂದು ಹೊಂದಿದ ಮಾತ್ರಕ್ಕೆ ಆಗದು, ಮರೆಯ ಉದ್ದವೂ ಹೊಂದಬೇಕು. ಚೀನಾ ಟೂ ಸ್ಟ್ರೋಕಿನ ಎಲ್7ಟಿ ಪ್ಲಗ್ಗಿನ ಮರೆ 9.5 ಮಿಮೀ ಉದ್ದ, ಬಿಪಿಆರ್6ಇಎಸ್‌ನದ್ದು 19. ಎರಡೂ ಒಂದೇ ತೂತಿಗೆ ಸಲೀಸಾಗಿ ತಿರುಗುತ್ತವೆ. ಉದ್ದದ್ದು ಹಾಕಿ ಹಗ್ಗ ಎಳೆದರೆ ಪಿಸ್ಟನ್ ತಲೆಗೆ ಪ್ಲಗ್ ಬಡಿದು ಎರಡೂ ಹಾಳು. ಜಿಎಕ್ಸ್35ರ ಪ್ಲಗ್ ಮರೆ 10 ಮಿಮೀ, ಕೈಬೆರಳಿನಷ್ಟೇ ತೆಳು, ಅದಕ್ಕೆ ಇವು ಯಾವುವೂ ಹೊಂದವು.

ಕಾರ್ಬೊರೇಟರ್: ಕೆಳಗೆ ಬಟ್ಟಲಿದ್ದರೆ ಫ್ಲೋಟ್ ಬಗೆ, ಚಪ್ಪಟೆ ಪೆಟ್ಟಿಗೆಯಂತಿದ್ದು ಪ್ರೈಮರ್ ಬಲ್ಬ್ ಇದ್ದರೆ ಡಯಾಫ್ರಮ್ ಬಗೆ. 1ಇ40ಎಫ್-5, 1ಇ44ಎಫ್-5 ಎರಡೂ ಬಗೆಯಲ್ಲಿ ಬರುತ್ತವೆ, ಆದ್ದರಿಂದ ಎಂಜಿನ್ ಹೆಸರಷ್ಟೇ ಹೇಳಿದರೆ ಸಾಲದು. ಎರಡು ಬೋಲ್ಟ್ ತೂತುಗಳ ನಡುಮಧ್ಯದ ಅಂತರ, ಗಾಳಿ ಹೋಗುವ ತೂತಿನ ವ್ಯಾಸ, ಚೋಕ್ ಯಾವ ಕಡೆ, ಆಕ್ಸಿಲರೇಟರ್ ಕೇಬಲ್ ಎಲ್ಲಿ ಸಿಕ್ಕಿಸುವುದು, ಪೈಪಿನ ಮೂತಿ ಒಂದೋ ಎರಡೋ, ಇಷ್ಟನ್ನೂ ನೋಡಿ. ಕಾರ್ಬೊರೇಟರಿನ ಮೈಮೇಲೆ ಅದರದ್ದೇ ನಂಬರ್ ಇದ್ದರೆ ರಿಪೇರಿ ಕಿಟ್ ತರಿಸಲು ಎಂಜಿನ್ ನಂಬರಿಗಿಂತ ಅದು ಮೇಲು. ಕಾರ್ಬೊರೇಟರ್ ತಯಾರಿಸುವ ವಾಲ್ಬ್ರೊ ಕಂಪನಿಯ ಕಿಟ್‌ಗಳಲ್ಲಿ ‘ಕೆ’ ಎಂದು ಶುರುವಾಗುವುದು ಸೂಜಿ, ಸ್ಪ್ರಿಂಗ್ ಸಮೇತ. ‘ಡಿ’ ಎಂದು ಶುರುವಾಗುವುದು ಬರೀ ಡಯಾಫ್ರಮ್ ಮತ್ತು ಗ್ಯಾಸ್ಕೆಟ್. ಡಯಾಫ್ರಮ್ ಕಾಗದದಂತೆ ಗರಿಗರಿ ಎನ್ನುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ. ಈಗಿನ ಪೆಟ್ರೋಲಿನಲ್ಲಿ 20%ವರೆಗೆ ಎಥೆನಾಲ್ ಇದೆ, ಆದರೆ ಬಹಳಷ್ಟು ಸಣ್ಣ ಎಂಜಿನ್ನುಗಳ ಕೈಪಿಡಿಯಲ್ಲಿ 10% ಮೀರಬಾರದು ಎಂದಿದೆ. ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ತುಂಬಿಟ್ಟು ಮೂಲೆಗಿಟ್ಟ ಯಂತ್ರದ ಡಯಾಫ್ರಮ್, ಪೈಪ್ ಬೇಗ ಹೋಗುವುದು ಇದರಿಂದಲೇ. ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ಕ್ಲಚ್ ಮತ್ತು ಪೈಪ್: ಡ್ರಮ್ಮಿನ ಒಳವ್ಯಾಸ 76 ಮತ್ತು 78 ಮಿಮೀ ಎರಡೂ ಬಳಕೆಯಲ್ಲಿವೆ. ಹೊರ ಪೈಪ್ 26 ಅಥವಾ 28. ಒಳಗಿನ ಶಾಫ್ಟಿನ ತುದಿಯ ಹಲ್ಲುಗಳನ್ನು ಎಣಿಸಿ, 7 ಅಥವಾ 9 ಸಾಮಾನ್ಯ. ಇವುಗಳಲ್ಲಿ ಒಂದು ತಪ್ಪಿದರೂ ಗೇರ್ ಹೆಡ್ ಕೂರುವುದಿಲ್ಲ.

ಸ್ಟಾರ್ಟರ್: ಬೋಲ್ಟ್ ತೂತುಗಳ ಅಂತರ, ಒಳಗಿನ ಹಿಡಿಯುವ ಕೊಕ್ಕೆಯ ಆಕಾರ ಮುಖ್ಯ. ಬರೀ ಹಗ್ಗ ತುಂಡಾಗಿದ್ದರೆ ಇಡೀ ಜೋಡಣೆ ಕೊಳ್ಳುವುದು ದಂಡ; ಬ್ರಷ್ ಕಟರಿಗೆ 3ರಿಂದ 3.5 ಮಿಮೀ, ಮೋವರಿಗೆ 4ರಿಂದ 4.5 ಮಿಮೀ ದಪ್ಪದ ನೈಲಾನ್ ಹಗ್ಗ ಸಾಕು.

ಬೇರಿಂಗ್, ಆಯಿಲ್ ಸೀಲ್: ಇವಕ್ಕೆ ಎಂಜಿನ್ ಕಂಪನಿಯ ಅಂಗಡಿಯೇ ಬೇಕಿಲ್ಲ. ಬೇರಿಂಗಿನ ಅಂಚಿನಲ್ಲಿ ಸಂಖ್ಯೆ ಇರುತ್ತದೆ. ನಲವತ್ತು-ಐದು, ನಲವತ್ನಾಲ್ಕು-ಐದರ ಕ್ರ್ಯಾಂಕಿಗೆ 6202, ಜಿಎಕ್ಸ್160ಕ್ಕೆ 6205. ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಕ್ರಮದಲ್ಲಿ ಮೂರು ಸಂಖ್ಯೆ. ಯಾವ ಊರಿನ ಬೇರಿಂಗ್ ಅಂಗಡಿಯಲ್ಲಾದರೂ ಕೇಳಬಹುದು. ಬೇರಿಂಗಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಒಳ್ಳೆಯ ಕಂಪನಿಯದು ಹಾಕಿಸಿ, ಬಿಚ್ಚುವ ಕೂಲಿಯೇ ಅದಕ್ಕಿಂತ ದುಬಾರಿ.

ಲಾನ್‌ಮೋವರ್ ಬ್ಲೇಡಿನ ಬುಡದ ಅಡಾಪ್ಟರ್: ಶಾಫ್ಟ್ 22.2 ಮಿಮೀ ಅಥವಾ 25.4 ಮಿಮೀ, ಅಂದರೆ ಏಳು-ಎಂಟಾಂಶ ಇಂಚು ಅಥವಾ ಒಂದಿಂಚು.

ಒರಿಜಿನಲ್ಲೋ ಡೂಪ್ಲಿಕೇಟೋ? ಏರ್ ಫಿಲ್ಟರ್, ಹಗ್ಗ, ಪ್ರೈಮರ್ ಬಲ್ಬ್, ಕ್ಲಚ್ ಡ್ರಮ್ ಬೇರೆಯವರದ್ದಾದರೂ ನಡೆಯುತ್ತದೆ. ಜಿಎಕ್ಸ್35ರಂಥ ಎಂಜಿನ್ನಿನ ಟೈಮಿಂಗ್ ಬೆಲ್ಟ್, ವಾಲ್ವ್, ರಿಂಗ್, ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಚೌಕಾಸಿ ಬೇಡ. ಅಗ್ಗದ ಕಾರ್ಬೊರೇಟರ್ ಮಾತ್ರ ಲಾಟರಿ: ಒಂದು ಸೆಟ್ಟಿಂಗಿಲ್ಲದೆ ಓಡುತ್ತದೆ, ಇನ್ನೊಂದು ಎಷ್ಟು ತಿರುಗಿಸಿದರೂ ಐಡಲ್ ಹಿಡಿಯುವುದಿಲ್ಲ.

ಕೂರಿಸುವಾಗ

ಭಾಗ ಸರಿಯಿದ್ದೂ ಕೆಲಸ ಕೆಡುವುದು ಮೂರು ಕಡೆ. ಟೂ ಸ್ಟ್ರೋಕಿನ ಡಯಾಫ್ರಮ್ ಕಾರ್ಬೊರೇಟರಿಗೆ ಎಂಜಿನ್ನಿನಿಂದ ಒತ್ತಡದ ಮಿಡಿತ ಬರುವ ಸಣ್ಣ ತೂತೊಂದಿದೆ. ಗ್ಯಾಸ್ಕೆಟ್ ತಿರುಗಾಮುರುಗಾ ಹಾಕಿದರೆ ಅದು ಮುಚ್ಚಿ ಪೆಟ್ರೋಲ್ ಏರುವುದೇ ಇಲ್ಲ. ಹೊಸ ಕಾರ್ಬೊರೇಟರ್ ‘ಕೆಟ್ಟದ್ದು’ ಎಂದು ವಾಪಸ್ ಹೋಗುವುದರಲ್ಲಿ ಇದರ ಪಾಲು ಸಾಕಷ್ಟಿದೆ. ಕಾಯಿಲ್ ಬಿಗಿಯುವಾಗ ಫ್ಲೈವೀಲಿನ ಮ್ಯಾಗ್ನೆಟ್ಟಿಗೂ ಕಾಯಿಲಿಗೂ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು, ಮ್ಯಾಗ್ನೆಟ್ ಎಳೆದುಕೊಂಡ ಮೇಲೆ ಬೋಲ್ಟ್ ಬಿಗಿದು ಕಾರ್ಡ್ ಎಳೆಯಿರಿ; 0.3 ಮಿಮೀ ಆಸುಪಾಸಿನ ಅಂತರ ಉಳಿಯುತ್ತದೆ. ಜಿಎಕ್ಸ್160ಕ್ಕೆ 0.2ರಿಂದ 0.6ರವರೆಗೆ ಸರಿ. ಟೂ ಸ್ಟ್ರೋಕ್ ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಕಡೆಗಿರಬೇಕು, ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಪುಟ್ಟ ಪಿನ್ನಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಸಿಲಿಂಡರ್ ಇಳಿಸುವಾಗಲೇ ರಿಂಗ್ ಮುರಿಯುತ್ತದೆ.

ಹೊಸ ಭಾಗ ಹಾಕಿ ಒಂದು ಟ್ಯಾಂಕ್ ಪೂರ್ತಿ ಓಡಿಸುವವರೆಗೆ ಹಳೆಯದನ್ನೂ ಹೊಸದರ ಪೊಟ್ಟಣವನ್ನೂ ಎಸೆಯಬೇಡಿ. ಪೊಟ್ಟಣದ ಮೇಲಿನ ನಂಬರನ್ನು, ಎಂಜಿನ್ ನಂಬರಿನ ಫೋಟೊ ಇರುವ ಫೋಲ್ಡರಿನಲ್ಲೇ ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ.